ಮಾತಾನ್ಸಾಸಿನ ಒಳಂಗಳಗಳು

ಹವಾನಾದಿಂದ ಪೂರ್ವಕ್ಕೆ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ, ಕಡಲು ಒಳನುಗ್ಗಿ ದೊಡ್ಡ ಕೊಲ್ಲಿಯಾದ ಕಡೆ ಮಾತಾನ್ಸಾಸ್ ಇದೆ. ವರಾದೆರೊದ ಬಿಳಿ ಮರಳಿಗೆ ಹೊರಟ ಪ್ರವಾಸಿ ಬಸ್ಸುಗಳು ಈ ಊರಲ್ಲಿ ನಿಲ್ಲುವುದು ಕಡಿಮೆ. ಕಿಟಕಿಯಿಂದ ಸೇತುವೆಗಳು, ಹಳೆಯ ಮನೆಗಳ ಬಣ್ಣ ಬಿಟ್ಟ ಗೋಡೆಗಳು ಕಂಡು ಮರೆಯಾಗುತ್ತವೆ, ಅಷ್ಟೇ. ಆದರೆ ಸಾಲ್ಸಾ, ಮಾಂಬೊ, ಚಾಚಾಚಾ ಎಂದು ಜಗತ್ತು ಕುಣಿಯುವ ಕುಣಿತಗಳ ಬೇರು ಹುಡುಕುವವರು ಇಲ್ಲಿ ಇಳಿಯಲೇಬೇಕು. ಕ್ಯೂಬಾದಲ್ಲಿ ಒಂದೇ ಊರು ನೋಡುವಷ್ಟು ಬಿಡುವಿದ್ದರೆ ಯಾವುದನ್ನು ನೋಡಲಿ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಈ ಊರಿನ ಹೆಸರನ್ನೇ.

ಊರ ನಡುಭಾಗ ಎರಡು ನದಿಗಳ ಮಧ್ಯೆ ಇದೆ. ದಕ್ಷಿಣಕ್ಕೆ ಸಾನ್ ಹ್ವಾನ್, ಉತ್ತರಕ್ಕೆ ಯುಮುರಿ. ಸಾನ್ ಹ್ವಾನ್ ನದಿಯ ಸೇತುವೆ ದಾಟಿದ ಕೂಡಲೇ ಸಿಗುವುದು ಪ್ಲಾಸಾ ದೆ ಲಾ ವಿಹಿಯಾ ಎಂಬ ಚೌಕ. ಅದರ ಒಂದು ಬದಿಯನ್ನು ಸೌತೊ ರಂಗಮಂದಿರ ತುಂಬಿಕೊಂಡಿದೆ. 1863ರಲ್ಲಿ ಬಾಗಿಲು ತೆರೆದ ಈ ಕಟ್ಟಡದ ವಿನ್ಯಾಸ ಇಟಲಿಯವನದು, ಹಣ ಸಕ್ಕರೆಯದು. ಆ ಕಾಲದಲ್ಲಿ ಕ್ಯೂಬಾದ ಸಕ್ಕರೆಯ ದೊಡ್ಡ ಪಾಲು ಈ ಸೀಮೆಯ ಕಬ್ಬಿನ ಗದ್ದೆಗಳಿಂದ ಬರುತ್ತಿತ್ತು. ಕಬ್ಬು ಕಡಿದವರು, ಗಾಣಕ್ಕೆ ಹಾಕಿದವರು, ಕುದಿಯುವ ಕಬ್ಬಿನ ಹಾಲಿನ ಮುಂದೆ ರಾತ್ರಿಯಿಡೀ ನಿಂತವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ರಂಗಮಂದಿರದ ಮೊದಲ ಪರದೆ ಎದ್ದ ಮೇಲೂ 23 ವರ್ಷ ಅವರು ಗುಲಾಮರಾಗಿಯೇ ಉಳಿದರು. ಕ್ಯೂಬಾದಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1886ರಲ್ಲಿ. ಇದೇ ಪ್ರಾಂತ್ಯದ ತ್ರಿಯುಂವಿರಾತೊ ತೋಟದಲ್ಲಿ 1843ರಲ್ಲಿ ಕಾರ್ಲೋತಾ ಎಂಬ ಗುಲಾಮ ಹೆಣ್ಣು ಮುಂದೆ ನಿಂತು ದಂಗೆ ಎಬ್ಬಿಸಿದ್ದಳು. ಚೌಕದಲ್ಲಿ ನಿಂತು ಆ ಚೆಂದದ ಕಮಾನುಗಳನ್ನು ನೋಡುವಾಗ ಇದನ್ನು ಮರೆಯುವುದು ನನ್ನಿಂದಾಗಲಿಲ್ಲ.

ಚೌಕದಿಂದ ಪಶ್ಚಿಮಕ್ಕೆ ಬೀದಿಗಳು ಸ್ವಲ್ಪ ಏರುತ್ತವೆ. ಮೇದಿಯೊ ಎಂಬ ಅಂಗಡಿ ಬೀದಿಯಲ್ಲಿ ನಡೆದರೆ ಸ್ವಲ್ಪ ಹೊತ್ತಿನಲ್ಲೇ ಲಿಬರ್ತಾದ್ ಉದ್ಯಾನ ಬರುತ್ತದೆ. ಅದರ ಎದುರಿಗಿರುವ ಕಂಬಸಾಲಿನ ಕಟ್ಟಡ ಈಗ ಸಾಲಾ ವೈಟ್ ಎಂಬ ಸಂಗೀತ ಸಭಾಂಗಣ. ಹೋಸೆ ವೈಟ್ ಇದೇ ಊರಲ್ಲಿ ಹುಟ್ಟಿ ಪ್ಯಾರಿಸ್‌ವರೆಗೆ ಹೆಸರು ಮಾಡಿದ ಪಿಟೀಲು ವಾದಕ, ಆಫ್ರಿಕನ್ ಮೂಲದ ತಾಯಿಯ ಮಗ. ಆದರೆ ಇಲ್ಲಿಗೆ ಬರುವವರು ಕೇಳುವುದು ಇನ್ನೊಂದು ಹೆಸರನ್ನು. 1879ರ ಜನವರಿ 1ರಂದು, ಆಗ ಲಿಸೇಓ ಎಂಬ ಸಿರಿವಂತರ ಸಂಘವಿದ್ದ ಇದೇ ಕಟ್ಟಡದಲ್ಲಿ, ಮಿಗೆಲ್ ಫಾಯಿಲ್ದೆ ತನ್ನ ವಾದ್ಯಮೇಳದೊಂದಿಗೆ 'ಲಾಸ್ ಆಲ್ತುರಾಸ್ ದೆ ಸಿಂಪ್ಸನ್' ಎಂಬ ಹೊಸ ರಚನೆ ನುಡಿಸಿದ. ದಾನ್ಸೋನ್ ಎಂಬ ನೃತ್ಯಸಂಗೀತದ ಹುಟ್ಟುದಿನವೆಂದು ಕ್ಯೂಬಾ ನೆನೆಯುವುದು ಆ ದಿನವನ್ನೇ.

ಸಿಂಪ್ಸನ್ ಎಂದರೆ ಉದ್ಯಾನದಿಂದ ಮೇಲಕ್ಕೆ, ಗುಡ್ಡದ ಮೇಲಿರುವ ಕೇರಿ. ಕಪ್ಪು ಜನರೂ ಮಿಶ್ರ ವಂಶದವರೂ ಬಾಳಿದ ಕೇರಿ. ಫಾಯಿಲ್ದೆಯೂ ಮಿಶ್ರ ವಂಶದವನೇ. ಬಿಳಿಯರ ಸಭಾಂಗಣದಲ್ಲಿ ಬಿಳಿಯರು ಕುಣಿಯಲೆಂದು ಕಪ್ಪು ಕೇರಿಯ ಹೆಸರು ಹೊತ್ತ ಸಂಗೀತ! ಯುರೋಪಿನ ಜೋಡಿ ನೃತ್ಯದ ಚೌಕಟ್ಟು ಹಾಗೇ ಇತ್ತು, ಅದರೊಳಗಿನ ಲಯ ಬೇರೆಯದಾಗಿತ್ತು. ದಾನ್ಸೋನ್‌ನಲ್ಲಿ ನನಗೆ ಬಹಳ ಇಷ್ಟವಾಗುವುದು ಅದರ ಮೊದಲ ಭಾಗ, ಪಾಸೇಓ. ಅದು ಬಂದಾಗ ಯಾರೂ ಕುಣಿಯುವುದಿಲ್ಲ. ಜೋಡಿಗಳು ನಿಂತು ಮಾತಾಡುತ್ತಾರೆ, ಬೀಸಣಿಗೆ ಬೀಸಿಕೊಳ್ಳುತ್ತಾರೆ, ಸಂಗೀತ ಮುಂದಿನ ಭಾಗಕ್ಕೆ ಹೊರಳಿದ ಕೂಡಲೇ ಮತ್ತೆ ಕೈಹಿಡಿಯುತ್ತಾರೆ. ಸೆಕೆಯ ನಾಡಿಗೆ ತಕ್ಕ ಏರ್ಪಾಡು. ಮುಂದೆ 1938ರಲ್ಲಿ ಒರೆಸ್ತೆಸ್ ಲೋಪೆಸ್ 'ಮಾಂಬೊ' ಎಂಬ ದಾನ್ಸೋನ್ ಬರೆದ; 1950ರ ದಶಕದಲ್ಲಿ ಎನ್ರಿಕೆ ಹೊರ್ರಿನ್ ಚಾಚಾಚಾ ತಂದ. ಮಾಂಬೊವನ್ನು ಊರೂರಿಗೆ ಒಯ್ದ ಪೆರೆಸ್ ಪ್ರಾದೊ ಹುಟ್ಟಿದ್ದೂ ಇಲ್ಲೇ, 1916ರಲ್ಲಿ. ಫಾಯಿಲ್ದೆ ಮನೆತನದ ಕುಡಿಯೊಬ್ಬ 2012ರಲ್ಲಿ ಅದೇ ಹೆಸರಿನ ವಾದ್ಯಮೇಳವನ್ನು ಮತ್ತೆ ಕಟ್ಟಿದ್ದಾನೆ. ದಾನ್ಸೋನ್ ಮುದುಕರ ಕುಣಿತ ಎನ್ನುವವರು ಆ ಯುವಕರ ಮೇಳವನ್ನು ಒಮ್ಮೆ ಕೇಳಬೇಕು.

ಉದ್ಯಾನದಿಂದ ಯುಮುರಿ ನದಿಯ ಕಡೆಗೆ ಇಳಿದರೆ ಲಾ ಮರೀನಾ. ಸಭಾಂಗಣದಿಂದ ಇಲ್ಲಿಗೆ ನಡೆದೇ ಬರಬಹುದು, ಆದರೆ ಎರಡೂ ಬೇರೆ ಬೇರೆ ಲೋಕ. ಇದು ಬಂದರಿನಲ್ಲಿ ಮೂಟೆ ಹೊತ್ತವರ ಕೇರಿ. ಬೀದಿಗೆ ಅಂಟಿಕೊಂಡ ತಗ್ಗು ಮನೆಗಳು, ಎತ್ತರದ ಬಾಗಿಲುಗಳು, ಬಾಗಿಲ ಬಳಿಯೇ ಕುರ್ಚಿ ಹಾಕಿ ಕೂತವರು. ಹೊರಗಿನಿಂದ ನೋಡುವುದಕ್ಕೆ ಹೆಚ್ಚೇನೂ ಇಲ್ಲ. ಬಾಗಿಲು ದಾಟಿ ಒಳಗೆ ಹೋದರೆ ಹಲವು ಸಂಸಾರಗಳು ಹಂಚಿಕೊಂಡ ಒಳಂಗಳ, ಅದಕ್ಕೆ ಸೊಲಾರ್ ಎನ್ನುತ್ತಾರೆ. ರುಂಬಾ ಬೆಳೆದದ್ದು ಇಂಥ ಅಂಗಳಗಳಲ್ಲಿ.

ತೋಟದ ಒಡೆಯರಿಗೂ ಪೊಲೀಸರಿಗೂ ಡೋಲೆಂದರೆ ಭಯವಿತ್ತು. ಡೋಲಿನ ಮೇಲೆ ನಿರ್ಬಂಧ ಬಂದಾಗ ಜನ ಪೆಟ್ಟಿಗೆ ಬಾರಿಸಿದರು. ಉಪ್ಪು ಹಾಕಿದ ಕಾಡ್ ಮೀನು ತುಂಬಿ ಬರುತ್ತಿದ್ದ ಮರದ ಪೆಟ್ಟಿಗೆ ದಪ್ಪ ದನಿಗೆ, ಮೇಣದಬತ್ತಿಯ ಸಣ್ಣ ಪೆಟ್ಟಿಗೆ ಕೀರಲು ದನಿಗೆ. ಗುಲಾಮರ ಹೊಟ್ಟೆಗೆಂದು ಅಗ್ಗದ ಮೀನು ತಂದ ಪೆಟ್ಟಿಗೆಯೇ ಅವರ ಕೈಯಲ್ಲಿ ವಾದ್ಯವಾಯಿತು. ಇವತ್ತಿಗೂ ಯಾಂಬೂ ಎಂಬ ನಿಧಾನಗತಿಯ ರುಂಬಾಕ್ಕೆ ಈ ಪೆಟ್ಟಿಗೆಗಳೇ ಬೇಕು ಎನ್ನುತ್ತಾರೆ. ಅಂಥ ಒಂದು ಅಂಗಳಕ್ಕೆ ನಾನು ಹೋದ ಸಂಜೆ ಮೊದಲು ಶುರುವಾದದ್ದು ಯಾಂಬೂವೇ. ಕೂದಲು ಪೂರಾ ಬೆಳ್ಳಗಾದ ಜೋಡಿ, ಗಡಿಬಿಡಿಯಿಲ್ಲದ ಹೆಜ್ಜೆ.

ಎಲ್ಲಕ್ಕಿಂತ ಮೊದಲು ಕೇಳುವುದು ಮಾತ್ರ ಕ್ಲಾವೆ. ಗಟ್ಟಿಮರದ ಎರಡು ಕೋಲು, ಐದು ಪೆಟ್ಟು: ಮೂರು ಒಂದು ಕಡೆ, ಎರಡು ಇನ್ನೊಂದು ಕಡೆ. ರುಂಬಾದಲ್ಲಿ ಮೂರನೆಯ ಪೆಟ್ಟು ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ. ಎಲ್ಲರೂ ಒಟ್ಟಾಗಿ ಒಂದು ಚಣ ಉಸಿರು ಹಿಡಿದಂತಾಗುವುದು ಅಲ್ಲೇ. ಕಛೇರಿಯಲ್ಲಿ ಸಭಿಕರು ತೊಡೆಯ ಮೇಲೆ ತಾಳ ಹಾಕುವ ಹಾಗೆ ಅಂಗಳದಲ್ಲಿ ನಿಂತವರೆಲ್ಲರ ಮೈಯಲ್ಲೂ ಆ ಐದು ಪೆಟ್ಟು ನಡೆಯುತ್ತಿರುತ್ತದೆ. ಬಿದಿರಿನ ಮೇಲೆ ಎರಡು ಕಡ್ಡಿ ಬಡಿಯುವವನು ಕ್ಲಾವೆಯ ಸಂದುಗಳನ್ನು ತುಂಬುತ್ತಾನೆ. ಅದರ ಮೇಲೆ ಮೂರು ಡೋಲು. ದಪ್ಪ ದನಿಯ ಸಾಲಿದೋರ್ ನೆಲ ಹಾಕುತ್ತದೆ, ನಡುವಿನದಾದ ತ್ರೆಸ್ ದೋಸ್ ಅದಕ್ಕೆ ಮಾತು ಕೊಡುತ್ತದೆ, ಎಲ್ಲಕ್ಕಿಂತ ಏರುದನಿಯ ಕ್ವಿಂತೊ ಕುಣಿಯುವವರ ಜೊತೆ ನೇರವಾಗಿ ಮಾತಿಗಿಳಿಯುತ್ತದೆ. ಬೆಂಗಳೂರಿನಲ್ಲಿ ಸಾಲ್ಸಾ ಕಲಿಯುವವರು ಒಂದು, ಎರಡು, ಮೂರು ಎಂದು ಎಣಿಸಿ ಹೆಜ್ಜೆ ಹಾಕುತ್ತಾರೆ. ಇಲ್ಲಿ ಎಣಿಸುವವರನ್ನು ನಾನು ಕಾಣಲಿಲ್ಲ. ಕಲಿಯುವ ಮಕ್ಕಳಿಗೆ ಮೊದಲು ಕೋಲು ಕೊಡುತ್ತಾರೆ, ಡೋಲು ಆಮೇಲೆ. ಸಾಲ್ಸಾ ಕಲಿಸುವ ಎಲ್ಲರೂ ಹೀಗೆ ಮಾಡಿದರೆ ಎಷ್ಟು ಚೆನ್ನ ಅನ್ನಿಸಿತು.

ಲಾ ಮರೀನಾದಲ್ಲಿ ಹೇಳುವ ಕತೆಯೊಂದಿದೆ. 1952ರಲ್ಲಿ ಕೇರಿಯ ಎಲ್ ಗಾಯೊ ಎಂಬ ಹೆಂಡದಂಗಡಿಯಲ್ಲಿ ಕೆಲವು ಯುವಕರು ಆರ್ಸೇನಿಯೊ ರೊದ್ರೀಗೆಸ್ ಎಂಬ ಸಂಗೀತಗಾರನ ಹಾಡು ಕೇಳುತ್ತ, ಕಟ್ಟೆಯ ಮೇಲೆ ಬೆರಳಿಂದ, ಬಾಟಲಿಯ ಮೇಲೆ ಚಮಚೆಯಿಂದ ಜೊತೆಗೂಡಿದರಂತೆ. ಹೋಗುತ್ತಿದ್ದವರು ನಿಂತು ಚಪ್ಪಾಳೆ ತಟ್ಟಿದರಂತೆ. ಅಲ್ಲಿಂದ ಹುಟ್ಟಿದ ತಂಡದ ಮೊದಲ ಹೆಸರು ಗ್ವಾಗ್ವಾಂಕೋ ಮಾತಾನ್ಸೇರೊ. ಪತ್ರಿಕೆಯ ಚಿತ್ರಕತೆಗಳ ಪಾತ್ರಗಳನ್ನು ಕುರಿತ ಅವರ ಒಂದು ಹಾಡು ಎಷ್ಟು ಜನಪ್ರಿಯವಾಯಿತೆಂದರೆ ಹಾಡಿನ ಹೆಸರೇ ತಂಡಕ್ಕೂ ಅಂಟಿತು: ಲೋಸ್ ಮುನ್ಯೆಕೀತೊಸ್ ದೆ ಮಾತಾನ್ಸಾಸ್. ಎಪ್ಪತ್ತು ವರ್ಷ ದಾಟಿದ ಈ ತಂಡದಲ್ಲಿ ಮಕ್ಕಳು, ಮೊಮ್ಮಕ್ಕಳು ಹಿರಿಯರ ಜಾಗಕ್ಕೆ ಬಂದಿದ್ದಾರೆ. ರುಂಬಾವನ್ನು ಯುನೆಸ್ಕೊ 2016ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷದ ಸಂಗತಿಯೇ. ಆದರೆ ಪಟ್ಟಿಗೆ ಸೇರುವ ಮೊದಲು ಅದನ್ನು ಉಳಿಸಿದ್ದು ಈ ಮನೆತನಗಳು, ಈ ಅಂಗಳಗಳು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ.

ಆ ಸಂಜೆ ಯಾಂಬೂ ಮುಗಿದು ಗ್ವಾಗ್ವಾಂಕೋ ಎಂಬ ರುಂಬಾ ಶುರುವಾದಾಗ ವೇಗ ಏರಿತು. ಇದು ಗಂಡು ಹೆಣ್ಣಿನ ಆಟ. ಗಂಡು ಸುತ್ತು ಹಾಕುತ್ತ, ಎಲ್ಲೋ ನೋಡುವಂತೆ ನಟಿಸುತ್ತ, ತಟ್ಟನೆ ಸೊಂಟವನ್ನೋ ಕಾಲನ್ನೋ ಕರವಸ್ತ್ರವನ್ನೋ ಅವಳ ಕಡೆಗೆ ಎಸೆಯುತ್ತಾನೆ. ಅದೇ ವಾಕುನಾವೊ. ಹೆಣ್ಣು ಲಂಗದ ತುದಿಯಿಂದ ಮುಚ್ಚಿಕೊಂಡು ತಪ್ಪಿಸಿಕೊಳ್ಳುತ್ತಾಳೆ. ಹೊರಗಿನವರು ಅವನ ಚೇಷ್ಟೆ ನೋಡಿ ನಗುತ್ತಾರೆ. ನೋಡಬೇಕಾದದ್ದು ಅವಳನ್ನು. ಅವನು ಬರುವ ಮೊದಲೇ ಕ್ವಿಂತೊದ ಪೆಟ್ಟಿನಲ್ಲಿ ಸುಳಿವು ಹಿಡಿದು, ಬೇಕಷ್ಟು ಹತ್ತಿರ ಬಿಟ್ಟುಕೊಂಡು, ಕೊನೆಯ ಗಳಿಗೆಯಲ್ಲಿ ಕೈಬೀಸಿ ಕಳಿಸುವವಳು ಅವಳು. ಆಟದ ಹತೋಟಿಯೆಲ್ಲ ಅವಳಲ್ಲಿದೆ. ಯಾಂಬೂದಲ್ಲಿ ವಾಕುನಾವೊ ಇಲ್ಲ. ಅಲ್ಲಿ ಗಂಡು ಮಿತಿ ಮೀರಿದರೆ ಹಾಡುವವರೇ ಎಚ್ಚರಿಸುತ್ತಾರೆ.

ಕೊನೆಗೆ ಕೊಲುಂಬಿಯಾ ಎಂಬ ರುಂಬಾ. ಇದು ಪಟ್ಟಣದ್ದಲ್ಲ, ಕಬ್ಬಿನ ಸೀಮೆಯದು. ಉನಿಯೊನ್ ದೆ ರೆಯೆಸ್ ಕಡೆಯ ಮಲಾಂಗಾ ಎಂಬ ಕುಣಿತಗಾರನ ಹೆಸರು ಇಂದಿಗೂ ಹಾಡುಗಳಲ್ಲಿದೆ. ಒಬ್ಬೊಬ್ಬರೇ ಡೋಲಿನ ಮುಂದೆ ಬಂದು ಸವಾಲು ಹಾಕುವ ಕುಣಿತ. ಕೆಲವರು ಚಾಕು ಹಿಡಿದು ಕುಣಿಯುತ್ತಾರೆ, ಕೆಲವರು ತಲೆಯ ಮೇಲೆ ನೀರಿನ ಲೋಟ ಇಟ್ಟು. ಬಹುಕಾಲ ಇದು ಗಂಡಸರದೇ ಆಗಿತ್ತು, ಈಗ ಹಾಗಿಲ್ಲ. ಅಂದು ಇಬ್ಬರು ಹುಡುಗರ ನಂತರ ಶಾಲೆಯ ವಯಸ್ಸಿನ ಹುಡುಗಿಯೊಬ್ಬಳು ವೃತ್ತದೊಳಕ್ಕೆ ಬಂದು, ಬಾಗಿ ಡೋಲುಗಳಿಗೆ ನಮಸ್ಕರಿಸಿ, ಭುಜ ಕುಲುಕಿದಳು. ಕ್ವಿಂತೊ ಬಾರಿಸುತ್ತಿದ್ದವನು ಅವಳಿಗಾಗಿ ವೇಗ ತಗ್ಗಿಸಲಿಲ್ಲ. ಪೆಟ್ಟಿಗೆ ಪೆಟ್ಟು ಎನ್ನುವಂತೆ ಅವಳು ಹೆಜ್ಜೆ ಕೊಟ್ಟಳು. ಎದುರಾಳಿ ಹುಡುಗರೇ ಮೊದಲು ಕೂಗಿ ಹುರಿದುಂಬಿಸಿದರು.