ಅನ್ನದಲ್ಲಿ ಕಟ್ಟಿದ ಕಿತ್ತಳೆ

ಇಟಲಿಯ ಸಿಸಿಲಿ ದ್ವೀಪದಲ್ಲಿ ಕಿತ್ತಳೆಯು ಗಿಡದಲ್ಲಿ ಮಾತ್ರವಲ್ಲ, ಎಣ್ಣೆಯ ಬಾಣಲೆಯಲ್ಲಿಯೂ ಹಣ್ಣಾಗುತ್ತದೆ! ಅನ್ನದೊಳಗೆ ಹೂರಣವಿಟ್ಟು, ಉಂಡೆ ಕಟ್ಟಿ, ಹೊಂಬಣ್ಣಕ್ಕೆ ಕರಿದ ಆ ತಿನಿಸಿನ ಹೆಸರು ‘ಅರಾಂಚೀನಿ’. ಪುಟ್ಟ ಕಿತ್ತಳೆಗಳು ಎಂದರ್ಥ. ಪಲೆರ್ಮೊದವರು ಅದನ್ನು ಸ್ತ್ರೀಲಿಂಗದಲ್ಲಿ ಕರೆದರೆ ಕತಾನಿಯಾದವರಿಗೆ ಅದು ಪುಲ್ಲಿಂಗ. ಈ ವ್ಯಾಜ್ಯ ಇನ್ನೂ ನಡೆದೇ ಇದೆ.

ಡಿಸೆಂಬರ್ 13ರ ಸಂತ ಲೂಚಿಯಾ ಹಬ್ಬದಂದು ಪಲೆರ್ಮೊದ ಸಂಪ್ರದಾಯಸ್ಥರು ಗೋಧಿಹಿಟ್ಟಿನ ತಿನಿಸನ್ನು ಮುಟ್ಟುವುದಿಲ್ಲ. ಕ್ಷಾಮಕಾಲದಲ್ಲಿ ಧಾನ್ಯದ ಹಡಗು ಬಂದಾಗ, ಬೀಸುವಷ್ಟು ತಾಳ್ಮೆಯುಳಿಯದ ಜನ ಗೋಧಿಯನ್ನು ಇಡಿಯಾಗಿ ಬೇಯಿಸಿ ಉಂಡರೆಂಬುದು ಐತಿಹ್ಯ. ಅದರ ನೆನಪಿನ ಸಿಹಿ ‘ಕುಚ್ಚೀಯಾ’ ವಿಜಯಪುರದ ಗೋಧಿ ಹುಗ್ಗಿಗೆ ತಂಗಿಯಂತಿದೆ. ಅಂದು ಅರಾಂಚೀನಿಯನ್ನೂ ಮೆಲ್ಲುತ್ತಾರೆ. ಆದರೆ ಅದಕ್ಕೆ ಹೊದಿಸುವುದು ಬ್ರೆಡ್ಡಿನ ಪುಡಿಯನ್ನೇ! ವ್ರತದ ಸಡಿಲಿಕೆ ಅಲ್ಲಿಯೂ ಉಂಟು.

ಜೋಳದ ಸೀಮೆಯ ಗೃಹಿಣಿ ಈ ವ್ರತವನ್ನು ಅವರಿಗಿಂತ ಚೆನ್ನಾಗಿ ನಡೆಸಬಲ್ಲಳು. ಕಡಕ್ ರೊಟ್ಟಿಯನ್ನು ಕುಟ್ಟಿ ತರಿಯಾಗಿಸಿದರೆ ಹೊದಿಕೆ ಸಿದ್ಧ. ತೊಡಕಿರುವುದು ಅಕ್ಕಿಯಲ್ಲಿ. ಸಿಸಿಲಿಯದು ಅಂಟು ಹೆಚ್ಚಿರುವ ಗಿಡ್ಡ ಕಾಳು. ಸೋನಾ ಮಸೂರಿಯ ಉದುರು ಅನ್ನವಾದರೋ ಎಣ್ಣೆಯಲ್ಲಿ ಬಿರಿದು ಚದುರೀತು. ಆದ್ದರಿಂದ ನೀರು ತುಸು ಹೆಚ್ಚಿಟ್ಟು ಮೆತ್ತಗೆ ಬೇಯಿಸಿ, ಬಿಸಿಯಿರುವಾಗಲೇ ತುಪ್ಪ, ಉಪ್ಪು, ಕೇಸರಿಗೆ ಬದಲಾಗಿ ಚಿಟಿಕೆ ಅರಿಸಿನ ಕಲಸಿ, ಪರಾತದಲ್ಲಿ ಹರಡಿ ಪೂರ್ತಿ ಆರಿಸಬೇಕು. ಅವಸರಪಟ್ಟವರ ಉಂಡೆ ಒಡೆಯುವುದು ಖಂಡಿತ.

ಅಲ್ಲಿನ ಹೂರಣ ಮಾಂಸ, ಬಟಾಣಿ, ಚೀಸುಗಳದು. ಶಾಕಾಹಾರಿಗಳಿಗೆ ಬಟಾಣಿ, ಹುರಿದ ಉಳ್ಳಾಗಡ್ಡಿ, ಪನೀರು, ತಿಕೋಟಾ–ಬಬಲೇಶ್ವರ ಸೀಮೆಯ ನಾಲ್ಕು ಒಣದ್ರಾಕ್ಷಿ ಸಾಕು. ಹೂರಣದಲ್ಲಿ ಪಸೆಯಿರಬಾರದು. ಒದ್ದೆ ಅಂಗೈಯಲ್ಲಿ ಅನ್ನವನ್ನು ಬಟ್ಟಲಿನಂತೆ ತಟ್ಟಿ, ಹೂರಣ ತುಂಬಿ, ಬಾಯಿ ಮುಚ್ಚಿ, ನೀರಾಗಿ ಕಲಸಿದ ಅಕ್ಕಿಹಿಟ್ಟಿನಲ್ಲಿ ಅದ್ದಿ, ರೊಟ್ಟಿಯ ತರಿಯಲ್ಲಿ ಹೊರಳಿಸಿ, ಚೆನ್ನಾಗಿ ಕಾದ ಎಣ್ಣೆಯಲ್ಲಿ ಎರಡೆರಡಾಗಿ ಕರಿಯಬೇಕು.