ಕೆಂಪಾದ ಕಣ್ಣಿನೊಳಗೊಂದು ಬಿಸಿಲುಕೋಲು

ಮಕ್ಕಳೇ, ಯಾರದಾದರೂ ಕಣ್ಣು ಕೆಂಪಾದರೆ ಸಾಕು, ‘ಮದ್ರಾಸ್ ಐ’ ಎಂದುಬಿಡುತ್ತೇವೆ. ಆದರೆ ಕೆಂಪಾದ ಕಣ್ಣೆಲ್ಲ ಮದ್ರಾಸ್ ಐ ಅಲ್ಲ. ಮದ್ರಾಸ್ ಐನಲ್ಲಿ ಸೋಂಕು ತಗಲುವುದು ಕಣ್ಣಿನ ಮೇಲಿನ ತೆಳು ಪೊರೆಗೆ. ಆಗ ನೀರು, ಗೀಜು ಸುರಿಯುತ್ತದೆ. ಇನ್ನೊಂದು ಕಾಯಿಲೆಯಲ್ಲಿ ಪಾಪೆಯ ಸುತ್ತಲಿನ ಬಣ್ಣದ ಉಂಗುರಕ್ಕೆ, ಅಂದರೆ ಐರಿಸ್‌ಗೆ, ಉರಿಯೂತ ಬರುತ್ತದೆ. ಇಲ್ಲಿ ಸಾಮಾನ್ಯವಾಗಿ ಗೀಜು ಇರುವುದಿಲ್ಲ. ಕಣ್ಣು ನೋಯುತ್ತದೆ, ಬೆಳಕು ಚುಚ್ಚುತ್ತದೆ, ನೋಟ ಮಂಜಾಗುತ್ತದೆ. ಇದರ ಹೆಸರು ಯುವಿಯೈಟಿಸ್.

ಇದಕ್ಕೆ ಕಾರಣಗಳು ಹಲವು. ವೈರಸ್ ಅವುಗಳಲ್ಲೊಂದು. ಸೀತಾಳೆ ಸಿಡುಬು ವಾಸಿಯಾದರೂ ಅದರ ವೈರಸ್ ನರಗಳಲ್ಲಿ ಅಡಗಿ ಕೂರುತ್ತದೆ. ಎಷ್ಟೋ ವರ್ಷಗಳ ನಂತರ ಎಚ್ಚೆತ್ತು ಸರ್ಪಸುತ್ತು ತರಬಹುದು. ಕೆಲವರಲ್ಲಿ ಕಣ್ಣನ್ನೂ ಕೆಡಿಸಬಹುದು.

ವೈದ್ಯರು ಇದನ್ನು ಪತ್ತೆ ಹಚ್ಚುವುದು ಹೇಗೆ?

ಹೆಂಚಿನ ಸಂದಿಯಿಂದ ಇಳಿಯುವ ಬಿಸಿಲುಕೋಲಿನಲ್ಲಿ ಧೂಳಿನ ಕಣಗಳು ತೇಲುವುದನ್ನು ನೀವು ನೋಡಿದ್ದೀರಲ್ಲವೇ? ವೈದ್ಯರೂ ಕತ್ತಲ ಕೋಣೆಯಲ್ಲಿ ಸ್ಲಿಟ್ ಲ್ಯಾಂಪ್ ಎಂಬ ಉಪಕರಣದಿಂದ ಕಣ್ಣಿನೊಳಗೆ ಬೆಳಕಿನ ತೆಳು ಸೀಳೊಂದನ್ನು ಹಾಯಿಸುತ್ತಾರೆ. ಐರಿಸ್‌ನ ಮುಂದೆ ಸುಮಾರು ಐದು ಹನಿಯಷ್ಟು ತಿಳಿನೀರಿದೆ. ಉರಿಯೂತವಿದ್ದರೆ ಅದರಲ್ಲಿ ಬಿಳಿ ರಕ್ತಕಣಗಳು ಧೂಳಿನಂತೆ ತೇಲುತ್ತವೆ! ಇದರ ಮೂಲ ಉಪಕರಣವನ್ನು 1911ರಲ್ಲಿ ಸ್ವೀಡನ್ನಿನ ಆಲ್ವಾರ್ ಗುಲ್‌ಸ್ಟ್ರಾಂಡ್ ತೋರಿಸಿಕೊಟ್ಟರು.

ಉರಿಯೂತ ಇದೆ ಎಂದಾಯಿತು. ಅದು ವೈರಸ್‌ನದೇ? ಸುಳಿವುಗಳು ಇವು:

1. ಹೆಚ್ಚಾಗಿ ಒಂದೇ ಕಣ್ಣಿಗೆ ಬರುತ್ತದೆ.
2. ಕಣ್ಣಿನೊಳಗಿನ ಒತ್ತಡ ಏರಿರಬಹುದು. ನೀರು ಹೊರಹೋಗುವ ಜಾಲರಿಯೂ ಊದಿಕೊಳ್ಳುವುದೇ ಕಾರಣ.
3. ಹತ್ತಿಯ ಎಳೆ ಸೋಕಿಸಿದರೂ ಕಾರ್ನಿಯಾಕ್ಕೆ ಸರಿಯಾಗಿ ತಿಳಿಯದಿರಬಹುದು. ವೈರಸ್ ನರಗಳನ್ನು ಕೆಡಿಸಿರುತ್ತದೆ.
4. ಐರಿಸ್ ಅಲ್ಲಲ್ಲಿ ಸವೆದು, ಅದರ ಮೂಲಕ ಬೆಳಕು ತೂರಿ ಬರಬಹುದು.

ಇಷ್ಟಾದರೂ ಅನುಮಾನ ಉಳಿದರೆ ಆ ತಿಳಿನೀರಿನ ಒಂದೆರಡು ಹನಿಯನ್ನು ಸಣ್ಣ ಸೂಜಿಯಿಂದ ತೆಗೆದು ಪಿಸಿಆರ್ ಪರೀಕ್ಷೆ ಮಾಡುತ್ತಾರೆ. ಇದರಲ್ಲಿ ವೈರಸ್‌ನ ಡಿಎನ್‌ಎ ತುಣುಕು ಒಂದು ಎರಡಾಗಿ, ಎರಡು ನಾಲ್ಕಾಗಿ, 30 ಸುತ್ತುಗಳಲ್ಲಿ ನೂರು ಕೋಟಿಗೂ ಮೀರುತ್ತದೆ. ಅಡಗಿದ ಕಳ್ಳ ಸಿಕ್ಕಿಬೀಳುತ್ತಾನೆ!

ಇಷ್ಟು ಶ್ರಮ ಏಕೆ? ಔಷಧ ಬೇರೆ ಬೇರೆ ಇರುವುದರಿಂದ. ಉರಿಯೂತ ತಗ್ಗಿಸುವ ಸ್ಟಿರಾಯ್ಡ್ ಹನಿಯನ್ನು ವೈದ್ಯರನ್ನು ಕೇಳದೆ ಹಾಕಿದರೆ ವೈರಸ್ ಇನ್ನಷ್ಟು ಹಬ್ಬಬಹುದು, ಕಣ್ಣಿನ ಒತ್ತಡವೂ ಏರಬಹುದು. ದೃಷ್ಟಿಯೇ ಹೋಗಬಹುದು.

ನೆನಪಿಡಿ: ಕೆಂಪಿನ ಜೊತೆಗೆ ನೋವು, ಬೆಳಕಿನ ಚುಚ್ಚು, ಮಂಜು ನೋಟ ಇದ್ದರೆ ಸೊಪ್ಪಿನ ರಸ ಬೇಡ, ಮನೆಯಲ್ಲಿ ಉಳಿದ ಹಳೆಯ ಹನಿಯೂ ಬೇಡ. ಅಂದೇ ಮನೆಯವರಿಗೆ ಹೇಳಿ ಕಣ್ಣಿನ ವೈದ್ಯರಲ್ಲಿಗೆ ಹೋಗಿ.