ಡಿಸ್ಚಾರ್ಜ್ ಆದ ಮೇಲಿನ ದಿನಗಳು

ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯ ಕಾವೇರಿಗೆ ಹೆರಿಗೆಯ ನಂತರ ಮನಸ್ಸು ಕೆಟ್ಟಿತು. ಚಿಕಿತ್ಸೆ ಸಿಕ್ಕಿತು, ಗುಣವಾಯಿತು, ಮನೆಗೂ ಬಂದಳು. ಅವಳನ್ನು ನಿಜವಾಗಿ ಮುರಿದದ್ದು ಆಮೇಲಿನ ದಿನಗಳು. ಗಂಡನ ಅನಾದರ, ಮನೆಯೊಳಗಿನ ಪಿಸುಮಾತು, ನಕ್ಕರೂ ಅತ್ತರೂ ಹುಚ್ಚಿನ ಗುರುತು ಹುಡುಕುವ ನೆರೆಹೊರೆ. ಮನಃಶಾಸ್ತ್ರ ಓದಿದ್ದ ತ್ರಿವೇಣಿ 1963ರಲ್ಲೇ ತೀರಿಕೊಂಡರು. ಪುಟ್ಟಣ್ಣ ಕಣಗಾಲರು ಆ ಕಾದಂಬರಿಯನ್ನು ಸಿನಿಮಾ ಮಾಡಿದಾಗ ಕಲ್ಪನಾ ಅವರ ಕಾವೇರಿಯನ್ನು ನೋಡಿ ನಾಡೇ ಕಣ್ಣೀರಿಟ್ಟಿತು. ಆದರೆ ಆಸ್ಪತ್ರೆಯಿಂದ ಹೊರಬಂದವರ ಮುಂದಿನ ದಾರಿ ಯಾರ ಹೊಣೆ ಎಂಬ ಪ್ರಶ್ನೆಗೆ ನಾವು ಇನ್ನೂ ಪೂರ್ತಿ ಉತ್ತರ ಕಂಡುಕೊಂಡಿಲ್ಲ.

ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು ಶೇ 10.6ರಷ್ಟು ಮಂದಿಗೆ ಚಿಕಿತ್ಸೆ ಬೇಕಾದ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ ಕಾಯಿಲೆಯಿಂದ ಕಾಯಿಲೆಗೆ ಬೇರೆಯಾದರೂ ಶೇ 70ಕ್ಕಿಂತ ಕೆಳಗಿಳಿಯಲಿಲ್ಲ. ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲ. ಅಂದಮೇಲೆ ಎಲ್ಲರನ್ನೂ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಕರೆತಂದು ಗುಣಪಡಿಸುವ ಮಾತೇ ಬರುವುದಿಲ್ಲ.

ಇದನ್ನು ಮೊದಲೇ ಅರಿತವರು ಕರ್ನಾಟಕದಲ್ಲೇ ಇದ್ದರು ಎಂಬುದು ಹೆಮ್ಮೆಯ ಸಂಗತಿ. 1980ರ ದಶಕದಲ್ಲಿ ನಿಮ್ಹಾನ್ಸ್ ತಂಡ ಬಳ್ಳಾರಿ ಜಿಲ್ಲೆಯನ್ನು ಆಯ್ದುಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು, ನೆಗಡಿ ಜ್ವರಕ್ಕೆ ಮಾತ್ರೆ ಸಿಗುವ ಕಡೆಯಲ್ಲೇ ಮನಸ್ಸಿನ ಕಾಯಿಲೆಗೂ ಮಾತ್ರೆ ಸಿಗುವಂತೆ ಮಾಡಿತು. ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ‘ಬಳ್ಳಾರಿ ಮಾದರಿ’ ಬುನಾದಿಯಾಯಿತು. 2005ರ ನಂತರ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಝೋಫ್ರೇನಿಯಾ ಇರುವವರನ್ನು ಊರೂರಲ್ಲಿ ಗುರುತಿಸಿ, ಅವರ ಊರಿನ ಹತ್ತಿರವೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಬೆನ್ನುಹತ್ತಿ ನೋಡಿಕೊಂಡ ಕೆಲಸವೂ ನಿಮ್ಹಾನ್ಸಿನದೇ. ಔಷಧ ಪಡೆಯುತ್ತಿದ್ದವರು, ಪಡೆಯದೆ ಉಳಿದವರಿಗಿಂತ ದಿನನಿತ್ಯದ ಬದುಕನ್ನು ಚೆನ್ನಾಗಿ ನಿಭಾಯಿಸುತ್ತಿದ್ದರು ಎಂಬುದು ಅಲ್ಲಿ ಕಂಡುಬಂತು. ಮಲೆನಾಡಿನ ಒಂಟಿಮನೆಗಳಲ್ಲೂ ಇದು ಸಾಧ್ಯವಾದರೆ ಬಯಲುಸೀಮೆಯ ಹಳ್ಳಿಯಲ್ಲಿ ಏಕಾಗದು?

ಮಂಗಳವಾರದ ಸಾಲು

ರಾಜ್ಯ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ಕ್ಲಿನಿಕ್ ನಡೆಯುತ್ತದೆ. ಅಂಥ ಕ್ಲಿನಿಕ್ಕಿನ ಬಾಗಿಲಲ್ಲಿ ಅರ್ಧ ದಿನ ಕೂತರೆ ಸಾಕು, ವರದಿಗಳು ಹೇಳದ್ದು ಕಿವಿಗೆ ಬೀಳುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಹಳೆಯ ಚೀಟಿಗಳನ್ನು ಮಡಚಿಟ್ಟುಕೊಂಡು ಬಂದ ತಾಯಿ, ಪಕ್ಕದಲ್ಲಿ ನೆಲ ನೋಡುತ್ತ ಕೂತ ಮಗ. “ಮಾತ್ರೆ ನಿಲ್ಲಿಸಿ ಎಷ್ಟು ದಿನ ಆಯ್ತಮ್ಮಾ?” “ಚೆನ್ನಾಗೇ ಇದ್ನಲ್ಲ ಸಾರ್, ಅದಕ್ಕೇ ಬಿಡ್ಸಿದ್ವಿ.” ಸಾಲಿನಲ್ಲಿ ಮುಂದಿನವರದೂ ಹೆಚ್ಚುಕಡಿಮೆ ಇದೇ ಉತ್ತರ. ಬಿಟ್ಟದ್ದಕ್ಕೆ ಕಾರಣ ಮಾತ್ರ ಬೇರೆ ಬೇರೆ: ಬಸ್ಸಿಗೆ ದುಡ್ಡಿರಲಿಲ್ಲ, ಮಾತ್ರೆ ತಿಂದರೆ ತೂಕಡಿಕೆ ಬಂದು ಕೂಲಿ ತಪ್ಪುತ್ತಿತ್ತು, ಹೆಣ್ಣಿನ ಕಡೆಯವರು ನೋಡೋಕೆ ಬರುವವರಿದ್ದರು.

ಈ ಕೊನೆಯ ಕಾರಣದ ಬಗ್ಗೆ ನಾನು ಬಿಗಿಯಾಗಿಯೇ ಹೇಳುತ್ತೇನೆ. “ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತೆ” ಎಂಬ ಮಾತು ನಮ್ಮಲ್ಲಿ ಎಷ್ಟು ಮನೆ ಹಾಳುಮಾಡಿದೆಯೋ ಲೆಕ್ಕವಿಲ್ಲ. ಕಾಯಿಲೆ ಮುಚ್ಚಿಟ್ಟು, ಮಾತ್ರೆ ನಿಲ್ಲಿಸಿ, ನಿದ್ದೆಗೆಟ್ಟು ನಡೆಯುವ ಮದುವೆಯ ಗಡಿಬಿಡಿಯೇ ಕಾಯಿಲೆ ಮರುಕಳಿಸಲು ಸಾಕು. ಆಮೇಲೆ ಇಬ್ಬರ ಬದುಕೂ ಬೀದಿಗೆ ಬೀಳುತ್ತದೆ. ಹಾಗೆಂದು ಈ ಕಾಯಿಲೆ ಇರುವವರು ಮದುವೆಯಾಗಬಾರದು ಎಂದಲ್ಲ. ಹೇಳಿ, ವೈದ್ಯರ ಜತೆ ಮಾತಾಡಿ, ಔಷಧ ಮುಂದುವರಿಸಿಕೊಂಡು ಸಂಸಾರ ಮಾಡುತ್ತಿರುವವರು ಬೇಕಾದಷ್ಟು ಮಂದಿ ಇದ್ದಾರೆ.

ಔಷಧದ ವಿಷಯದಲ್ಲಿ ಮನೆಯವರಿಗೆ ತಿಳಿದಿರಲೇಬೇಕಾದ ಕೆಲವು ಸಂಗತಿಗಳಿವೆ. ಖಿನ್ನತೆಯ ಮಾತ್ರೆ ತಲೆನೋವಿನ ಮಾತ್ರೆಯಂತೆ ನುಂಗಿದ ಗಂಟೆಗೆ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. “ಎಂಟು ದಿನ ತಿಂದೆ, ಏನೂ ಆಗಲಿಲ್ಲ” ಎಂದು ಕೈಬಿಡುವವರು ಗುಣ ಕಾಣುವ ಮೊದಲೇ ಸೋತುಬಿಡುತ್ತಾರೆ. ಅಭ್ಯಾಸವಾಗಿಬಿಡುತ್ತದೆ ಎಂಬ ಭಯ ಸಲ್ಲುವುದು ಕೆಲವು ನಿದ್ದೆ ಮಾತ್ರೆಗಳಿಗೆ. ಖಿನ್ನತೆಯ ಮಾತ್ರೆಗಳು ಆ ಜಾತಿಯವಲ್ಲ. ಆದರೂ ಅವನ್ನು ಒಮ್ಮೆಲೇ ನಿಲ್ಲಿಸಬಾರದು, ವೈದ್ಯರು ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಲಿಥಿಯಂ ತೆಗೆದುಕೊಳ್ಳುವವರು ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ತೂಕಡಿಕೆ, ಕೈನಡುಕ, ತೂಕ ಏರುವುದು ಇಂಥದ್ದೇನಾದರೂ ಇದ್ದರೆ ಸಂಕೋಚವಿಲ್ಲದೆ ಹೇಳಬೇಕು. ಮಾತ್ರೆ ಬದಲಿಸಬಹುದು, ಪ್ರಮಾಣ ಇಳಿಸಬಹುದು. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ನಿದ್ದೆ, ಊಟ, ಮಾತ್ರೆ, ಮಾತಿನ ರೀತಿ ಬರೆದಿಟ್ಟುಕೊಂಡು ಹೋದರೆ, ವೈದ್ಯರ ಐದು ನಿಮಿಷ ಹದಿನೈದು ನಿಮಿಷದಷ್ಟು ಬೆಲೆ ಬಾಳುತ್ತದೆ.

ಕೈಗೆ ಸಿಗುವ ನೆರವು

ತೀರ ತಳಮಳದ ಹೊತ್ತಿನಲ್ಲಿ ಮೊದಲು ನೆನಪಾಗಬೇಕಾದ ಸಂಖ್ಯೆ 14416. ‘ಟೆಲಿ ಮನಸ್’ ಎಂಬ ಈ ಉಚಿತ ಸೇವೆ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದವರನ್ನು ಒಂಟಿಯಾಗಿ ಬಿಡದೆ, ಪಕ್ಕದಲ್ಲಿ ಕೂತು, ಕೀಟನಾಶಕದ ಡಬ್ಬಿಯಂಥ ಅಪಾಯದ ವಸ್ತುಗಳನ್ನು ದೂರವಿಟ್ಟು, ಈ ಸಂಖ್ಯೆಗೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. “ಅಂಥ ಯೋಚನೆ ಬರುತ್ತಿದೆಯಾ?” ಎಂದು ನೇರವಾಗಿ ಕೇಳಿದರೆ ಯಾರ ತಲೆಗೂ ಹೊಸದಾಗಿ ಆ ಯೋಚನೆ ಹೊಗುವುದಿಲ್ಲ. ಕೇಳಿದ್ದರಿಂದ ಹಗುರಾದವರೇ ಹೆಚ್ಚು.

ಜಿಲ್ಲಾಸ್ಪತ್ರೆ, ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗ, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇವೆ. ಗುಣಮುಖರಾಗುತ್ತಿರುವವರು ಹಗಲು ಹೊತ್ತು ಕಳೆಯಲು, ಕೈಕೆಲಸ ಕಲಿಯಲು ‘ಮಾನಸಧಾರಾ’ ಕೇಂದ್ರಗಳಿವೆ. ಅವು ತಾಲ್ಲೂಕು ತಾಲ್ಲೂಕಿಗೂ ಬೇಕು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವುದನ್ನು ಹಕ್ಕಾಗಿಸಿದೆ. ಸರಪಳಿಯಲ್ಲಿ ಕಟ್ಟಿಹಾಕುವುದನ್ನು ನಿಷೇಧಿಸಿದೆ. ವಿಮಾ ಕಂಪನಿಗಳು ದೇಹದ ಕಾಯಿಲೆಯಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದಿದೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ನೆರವು ಕೊಡಬೇಕೇ ಹೊರತು ಶಿಕ್ಷಿಸುವಂತಿಲ್ಲ. ಪೊಲೀಸ್ ಕೇಸಿನ ಭಯಕ್ಕೆ ವಿಷ ಕುಡಿದದ್ದನ್ನು ಮುಚ್ಚಿಟ್ಟು ಆಸ್ಪತ್ರೆಗೆ ತಡವಾಗಿ ಬರುವ ಮನೆಗಳಿಗೆ ಇದನ್ನು ಯಾರಾದರೂ ಗಟ್ಟಿಯಾಗಿ ಹೇಳಬೇಕಾಗಿದೆ.

ಓದುವುದೇನು, ಓದಬೇಕಾದವರು ಯಾರು

ಈ ವಿಷಯದಲ್ಲಿ ಕನ್ನಡ ಬಡವಿಯಲ್ಲ. ‘ಕೊರವಂಜಿ’ಯಿಂದ ನಾಡನ್ನು ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನೋವಿಜ್ಞಾನದ ಕನ್ನಡ ಪುಸ್ತಕವೊಂದಕ್ಕೆ ಸಂದ ಆ ಗೌರವವನ್ನು ನಾವು ಮರೆತೇಬಿಟ್ಟಿದ್ದೇವೆ. ನಿಮ್ಹಾನ್ಸಿನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಹಳ್ಳಿಯ ಓದುಗರಿಗೂ ದಕ್ಕುವ ಮಾತಿನಲ್ಲಿ ರಾಶಿ ರಾಶಿ ಪುಸ್ತಕ ಬರೆದರು. 2024ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಶಿವಮೊಗ್ಗದ ಡಾ. ಅಶೋಕ್ ಪೈ ತಾವು ಕಂಡ ಮನಸ್ಸುಗಳನ್ನು ಕಥೆಯಾಗಿಸಿ ‘ಕಾಡಿನ ಬೆಂಕಿ’ಯಂಥ ಸಿನಿಮಾದ ತನಕ ಒಯ್ದರು.

ಖಿನ್ನತೆಯಲ್ಲಿರುವವರ ಕೈಗೆ ದಪ್ಪ ಪುಸ್ತಕ ಕೊಡಬೇಡಿ. ಏಕಾಗ್ರತೆಯೇ ಕುಸಿದಿರುವಾಗ ಎರಡು ಪುಟ ಓದಲಾಗದೆ ಅವರು ತಮ್ಮನ್ನೇ ಇನ್ನಷ್ಟು ಹಳಿದುಕೊಳ್ಳುತ್ತಾರೆ. ಮೊದಲು ಓದಬೇಕಾದವರು ಮನೆಯವರು. ಅದರಲ್ಲೂ “ಸೋಮಾರಿತನ”, “ನಾಟಕ” ಎಂದು ಗೊಣಗುವ ಹಿರಿಯರು. ಮನಸ್ಸು ಮಾಡಿದರೆ ಎಲ್ಲ ಗೆಲ್ಲಬಹುದು ಎಂಬ ವ್ಯಕ್ತಿತ್ವ ವಿಕಸನದ ಪುಸ್ತಕಗಳನ್ನು ಈ ಹೊತ್ತಿನಲ್ಲಿ ದೂರವಿಡುವುದೇ ಲೇಸು. ಹಾಸಿಗೆಯಿಂದ ಏಳಲಾಗದವರಿಗೆ ಅವು ಆಪಾದನೆಯಂತೆ ಕೇಳಿಸುತ್ತವೆ. ಕಾಯಿಲೆಯ ಹೆಸರು, ಲಕ್ಷಣ, ಔಷಧದ ಅಡ್ಡಪರಿಣಾಮ, ಮರುಕಳಿಸುವ ಮುನ್ಸೂಚನೆ ಇವನ್ನು ನೇರವಾಗಿ ತಿಳಿಸುವ ತೆಳ್ಳನೆಯ ಪುಸ್ತಕ ಸಾಕು. ಸ್ವಲ್ಪ ಚೇತರಿಸಿಕೊಂಡ ಮೇಲೆ ಅದನ್ನೇ ಜತೆಗೆ ಕೂತು ಓದಬಹುದು.

ಅಂಥ ಪುಸ್ತಕಗಳು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ಎದ್ದು ಕಾಣುವ ಕಪಾಟಿನಲ್ಲಿರಲಿ. ಅದೇ ಪಂಚಾಯಿತಿಯ ಆಶಾ ಕಾರ್ಯಕರ್ತೆಯ ಕೈಯಲ್ಲಿ, ಈ ತಿಂಗಳು ಮಾತ್ರೆಗೆ ಬಾರದವರ ಪಟ್ಟಿ ಇರಲಿ. ಮುಂದಿನ ಮಂಗಳವಾರದೊಳಗೆ ಆಕೆ ಒಮ್ಮೆ ಆ ಮನೆಗಳಿಗೆ ಹೋಗಿಬರಲಿ, ಆ ಓಡಾಟಕ್ಕೆ ಸರ್ಕಾರ ಆಕೆಗೆ ಗೌರವಧನವನ್ನೂ ಕೊಡಲಿ.